ಪವರ್ ಹೌಸಿನ ಎಪ್ಪತ್ತೆರಡು ಗಂಟೆ

ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾಗಿರುವುದು ಒಂದೇ ವಿಷಯ: ಬಾಯ್ಲರಿಗೆ ಆಗಾಗ ರಜೆ ಸಿಗುತ್ತದೆ, ಎಡವಟ್ಟುಗಳಿಗೆ ಸಿಗುವುದಿಲ್ಲ. ಅವು ಮೂರು ಪಾಳಿಯಲ್ಲೂ ಹಾಜರಿರುತ್ತವೆ.

ನಮ್ಮದು ದೊಡ್ಡ ವಿದ್ಯುತ್ ಸ್ಥಾವರವೇನಲ್ಲ. ಗೌರಿಬಿದನೂರಿನ ಪಕ್ಕ, ಕುಡುಮಲಕುಂಟೆ ಕಡೆಯ ಒಂದು ಕಾರ್ಖಾನೆಯ ಹಿತ್ತಿಲಲ್ಲಿರುವ ಒಂದು ಬಾಯ್ಲರು, ಒಂದು ಟರ್ಬೈನು, ಒಂದು ಎತ್ತರದ ಚಿಮಣಿ. ನಾವು ಮಾಡುವ ಕರೆಂಟು ನಮ್ಮ ಕಾರ್ಖಾನೆಗಷ್ಟೇ ಸಾಲುತ್ತದೆ. ಕಾಂಪೌಂಡು ದಾಟಿ ಒಂದು ಬೀದಿ ದೀಪವನ್ನೂ ಅದು ಉರಿಸಿಲ್ಲ. ಆದರೂ ನಾವು ಮೂವತ್ತನಾಲ್ಕು ಜನ ಅದನ್ನು ಪವರ್ ಹೌಸ್ ಎಂದೇ ಕರೆಯುತ್ತೇವೆ, ಎದೆಯುಬ್ಬಿಸಿಕೊಂಡೇ ಕರೆಯುತ್ತೇವೆ.

ಹೋದ ವರ್ಷ ಆ ಎದೆಗೆ ಪೆಟ್ಟು ಬಿತ್ತು. ರಿಪೇರಿಗೆಂದು ಮೂರು ತಿಂಗಳು ಯಂತ್ರ ನಿಲ್ಲಿಸಿ ಎಲ್ಲ ಬಿಚ್ಚಿ ಜೋಡಿಸಿದ ಮೇಲೆ ಬೆಂಗಳೂರಿನ ಹೆಡ್ಡಾಫೀಸಿನಿಂದ ಹುಕುಂ ಬಂತು. ಎಪ್ಪತ್ತೆರಡು ಗಂಟೆ ಎಲ್ಲೂ ನಿಲ್ಲದೆ ಓಡಿಸಿ ತೋರಿಸಬೇಕು. ಮೂರು ಸಲ ಅವಕಾಶ. ಮೂರರಲ್ಲೂ ಆಗದಿದ್ದರೆ ಪವರ್ ಹೌಸಿಗೆ ಬೀಗ, ಮೂವತ್ತನಾಲ್ಕು ಜನರೂ ಮನೆಗೆ.

ಓದಿ ಹೇಳಿದ ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ಫೋರ್‌ಮನ್ ಮಾತ್ರ ಜಗ್ಗಲಿಲ್ಲ. ಶಿಡ್ಲಘಟ್ಟದವನು, ಚಿಕ್ಕಂದಿನಲ್ಲಿ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ ಸೌದೆ ಒಲೆ ಉರಿಸಿ ಪಳಗಿದ ಮನುಷ್ಯ. "ಎಪ್ಪತ್ತೆರಡೇನ್ ಸಾರ್, ನೂರು ಗಂಟೆ ಓಡಿಸ್ತೀನಿ. ಬೆಂಕಿ ನನ್ನ ಮಾತು ಕೇಳುತ್ತೆ" ಅಂದ. ಬೆಂಕಿ ಕೇಳಿತು. ಕೇಳದೇ ಹೋದದ್ದು ಬೇರೆಯವು.

೧. ಬೂದುಗುಂಬಳ

ಮೊದಲ ಸಲ ಬಾಯ್ಲರ್ ಹೊತ್ತಿಸುವ ದಿನ ಹಬ್ಬದ ಕಳೆ. ಚಿಕ್ಕಬಳ್ಳಾಪುರದ ಮಾರುಕಟ್ಟೆಯಿಂದ ಸೇವಂತಿಗೆ ಬಂತು, ಎರಡು ಕೈಯಲ್ಲಿ ತಬ್ಬಿ ಹಿಡಿಯುವಂಥ ಒಂದು ಬೂದುಗುಂಬಳವೂ ಬಂತು. ದೃಷ್ಟಿ ತೆಗೆಯದೆ ಯಂತ್ರ ಶುರು ಮಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ, ಇಂಜಿನಿಯರ್ ಆದ ನನಗೂ ಇಲ್ಲ.

ಕುಂಬಳಕ್ಕೆ ತೂತು ಕೊರೆದು, ಕುಂಕುಮ ತುಂಬಿ, ಒಳಗೆ ಚಿಲ್ಲರೆ ಹಾಕುವುದು ರೂಢಿ. ಫೋರ್‌ಮನ್ ಕುಂಬಳ ಹಿಡಿದು ಸಾಲಾಗಿ ಬಂದ. ಕೆಲಸ ಉಳಿಯಬೇಕಲ್ಲ, ಪ್ರತಿಯೊಬ್ಬರೂ ಜೇಬಿನಲ್ಲಿದ್ದಷ್ಟು ನಾಣ್ಯ ತುರುಕಿದರು. ಮ್ಯಾನೇಜರ್ ಮುಷ್ಟಿ ತುಂಬ ಹಾಕಿದರು. ನಾನೂ ಹಾಕಿದೆ. ಕೊನೆಗೆ ಅದನ್ನು ಎಲ್ಲಿ ಒಡೆಯುವುದು ಎಂದಾಗ ಫೋರ್‌ಮನ್, "ಕಲ್ಲಿದ್ದಲ ಮೇಲೇ ಒಡೆಯಣ ಸಾರ್. ಅನ್ನ ಕೊಡೋದು ಅದೇ ಅಲ್ವಾ?" ಅಂದ. ಮಾತು ಎಷ್ಟು ಚೆನ್ನಾಗಿತ್ತೆಂದರೆ ಯಾರೂ ಎದುರು ಹೇಳಲಿಲ್ಲ. ಕುಂಬಳ ರಾಶಿಯ ಮೇಲೆ ಬಿದ್ದು ನೂರು ಚೂರಾಯಿತು.

ಬೇರೆ ಕಡೆಯಾಗಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಜನ ಚಿಲ್ಲರೆ ಆರಿಸಿಕೊಂಡು ಹೋಗುತ್ತಿದ್ದರು. ಅಂದು ಮಾತ್ರ ಮ್ಯಾನೇಜರು, "ಸುರಕ್ಷತೆ ಮುಖ್ಯ, ಕಲ್ಲಿದ್ದಲ ರಾಶಿ ಮೇಲೆ ಒಬ್ಬನೂ ಕಾಲಿಡಕೂಡದು" ಎಂದು ಬೋರ್ಡು ಬರೆಸಿದ್ದರು. ಒಬ್ಬನೂ ಕಾಲಿಡಲಿಲ್ಲ. ಲೋಡರ್ ಯಂತ್ರ ಬಂದು, ಕುಂಬಳ, ಕುಂಕುಮ, ಕಾಸು ಎಲ್ಲವನ್ನೂ ಕಲ್ಲಿದ್ದಲಿನ ಜೊತೆಗೇ ಬಾಚಿ ಬೆಲ್ಟಿನ ಮೇಲೆ ಸುರಿಯಿತು.

ಆ ಬೆಲ್ಟು ಕಲ್ಲಿದ್ದಲನ್ನು ಬಾಯ್ಲರಿನ ಮೇಲಿರುವ ತೊಟ್ಟಿಗೆ ಒಯ್ಯುತ್ತದೆ. ಮಧ್ಯದಲ್ಲಿ ಲೋಹ ಪತ್ತೆ ಮಾಡುವ ಯಂತ್ರವೊಂದಿದೆ. ಕಲ್ಲಿದ್ದಲಿನಲ್ಲಿ ಮೊಳೆ, ನಟ್ಟು ಸಿಕ್ಕಿದರೆ ಕೂಗಿ ಬೆಲ್ಟು ನಿಲ್ಲಿಸುವುದು ಅದರ ಕೆಲಸ. ನಾವು ಬಾಯ್ಲರ್ ಹೊತ್ತಿಸಿ, ಟರ್ಬೈನ್ ತಿರುಗಿಸಿ, ಕೈಕುಲುಕಿ, ಸಿಹಿ ಹಂಚಿ ಇನ್ನೇನು ಕೂರಬೇಕು, "ಕುಯ್ಯೋ" ಎಂದಿತು. ಓಡಿ ಹೋಗಿ ನೋಡಿದರೆ ಎರಡು ರೂಪಾಯಿ. ತೆಗೆದು ಬೆಲ್ಟು ಬಿಟ್ಟೆವು. ಐದು ನಿಮಿಷಕ್ಕೆ ಮತ್ತೆ ಕುಯ್ಯೋ. ಈ ಸಲ ಒಂದು ರೂಪಾಯಿ, ಕುಂಕುಮ ಸಮೇತ.

ಸಂಜೆವರೆಗೂ ಇದೇ ಪಾಡು. ಬೆಲ್ಟು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ತೊಟ್ಟಿ ಬರಿದಾಗುತ್ತಾ ಬಂತು, ಬೆಂಕಿ ಸಣ್ಣಗಾಯಿತು, ಹಬೆ ಇಳಿಯಿತು, ಟರ್ಬೈನ್ ತಾನಾಗಿಯೇ ನಿಂತುಬಿಟ್ಟಿತು. ಹೀಗೆ ತಾನಾಗಿ ನಿಲ್ಲುವುದನ್ನು ನಾವು ಟ್ರಿಪ್ ಅನ್ನುತ್ತೇವೆ. ಒಂಬತ್ತನೇ ಗಂಟೆಗೇ ಮೊದಲ ಅವಕಾಶ ಮಣ್ಣುಪಾಲು.

ತಲೆಯ ಮೇಲೆ ಕೈಹೊತ್ತು ಕೂತಿದ್ದ ನಮ್ಮ ಮುಂದೆ ಫೋರ್‌ಮನ್ ಬಂದು ಸಮಾಧಾನ ಹೇಳಿದ: "ಬೇಜಾರ್ ಮಾಡ್ಕೋಬೇಡಿ ಸಾರ್. ದೃಷ್ಟಿ ತೆಗೆದಿದ್ದಕ್ಕೆ ಇಷ್ಟಕ್ಕೇ ಹೋಯ್ತು. ತೆಗೀದೇ ಇದ್ದಿದ್ರೆ ಇನ್ನೇನೇನ್ ಆಗ್ತಿತ್ತೋ!"

೨. ಗೆಣಸು

ಎರಡನೇ ಸಲ ಪೂಜೆಯನ್ನು ಗೇಟಿನ ಹೊರಗೇ ಮುಗಿಸಿದೆವು. ಯಂತ್ರ ಹಾಲು ಕುಡಿದ ಮಗುವಿನ ಹಾಗೆ ಸುಮ್ಮನೆ ಓಡಿತು. ಹತ್ತು ಗಂಟೆ, ಇಪ್ಪತ್ತು ಗಂಟೆ, ಇಪ್ಪತ್ತೊಂಬತ್ತು ಗಂಟೆ. ನಮಗೆ ಹಸಿವಿಲ್ಲ, ಆಕಳಿಕೆಯಿಲ್ಲ. ಯಾರಾದರೂ ಕೆಮ್ಮಿದರೂ ಎಲ್ಲರೂ ಮೀಟರ್ ಕಡೆ ನೋಡುತ್ತಿದ್ದೆವು.

ಮಾರನೆ ದಿನ ಮಧ್ಯಾಹ್ನ, ಬಾಯ್ಲರ್ ಒಳಗಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ಇದ್ದಕ್ಕಿದ್ದಂತೆ ಕುಣಿಯತೊಡಗಿತು. ನಾನು ಫ್ಯಾನು ಏರಿಸಿದೆ, ಇಳಿಸಿದೆ. ಮುಳ್ಳು ಕ್ಯಾರೆ ಅನ್ನಲಿಲ್ಲ. ಆ ಕಡೆ ಒಮ್ಮೆ ಎಗರಿ, ಈ ಕಡೆ ಒಮ್ಮೆ ಎಗರಿ, ಟ್ರಿಪ್! ಮೂವತ್ತೊಂದನೇ ಗಂಟೆ.

ಅಷ್ಟರಲ್ಲಿ ಕಂಟ್ರೋಲ್ ರೂಮಿಗೆ ಒಂದು ವಾಸನೆ ತೇಲಿ ಬಂತು. ಸಿಹಿಯಾದ, ಬಾಯಲ್ಲಿ ನೀರೂರಿಸುವ ವಾಸನೆ.

ಮ್ಯಾನೇಜರ್ ಮುಂದೆ, ನಾನು ಹಿಂದೆ, ವಾಸನೆಯ ಜಾಡು ಹಿಡಿದು ಹೋದೆವು. ಬಾಯ್ಲರಿನ ಪಕ್ಕದ ಗೋಡೆಯಲ್ಲಿ, ಒಳಗಿನ ಬೆಂಕಿಯನ್ನು ಇಣುಕಿ ನೋಡಲು ಒಂದು ಪುಟ್ಟ ಬಾಗಿಲಿದೆ. ಓಡುವಾಗ ಅದನ್ನು ತೆಗೆದಿಟ್ಟರೆ ಹೊರಗಿನ ಗಾಳಿ ನುಗ್ಗಿ ಎಲ್ಲ ತಲೆಕೆಳಗು. ಅದು ಹಾರುಹೊಡೆದಿತ್ತು. ಬಾಗಿಲೊಳಗೆ ಒಂದು ಕಬ್ಬಿಣದ ಸಲಿಕೆ ಚಾಚಿತ್ತು. ಸಲಿಕೆಯ ಮೇಲೆ ಏಳು ಸಿಹಿಗೆಣಸು, ಅಚ್ಚುಕಟ್ಟಾಗಿ ಸಾಲಾಗಿ ಮಲಗಿದ್ದವು.

ಮ್ಯಾನೇಜರ್ ಮುಖ ಕೆಂಪಾಯಿತು. "ಯಾವನ್ರೀ ಇವನು? ಮೂವತ್ತನಾಲ್ಕು ಜನರ ಅನ್ನಕ್ಕೆ ಕಲ್ಲು ಹಾಕಿ ಗೆಣಸು ಸುಡ್ತಾನಲ್ಲ! ಇವತ್ತೇ ಸಸ್ಪೆಂಡ್! ಯಾರದ್ದು ಹೇಳಿ!"

ಫೋರ್‌ಮನ್ ನೆಲ ನೋಡಿದ, ಚಾವಣಿ ನೋಡಿದ. "ಬಿಡಿ ಸಾರ್" ಅಂದ.

"ಏನ್ ಬಿಡೋದು? ಹೆಸರು ಹೇಳಪ್ಪ ಅಂದ್ರೆ!"

"ಸಾರ್, ನೀವೇ ಬೆಳಗ್ಗೆ ಕವರಲ್ಲಿ ತಂದುಕೊಟ್ರಲ್ಲ. 'ಶುಗರ್ ಐತೆ ಅಂತ ಮನೇಲಿ ಮುಟ್ಟಕ್ಕೂ ಬಿಡಲ್ಲ ಕಣಪ್ಪ, ನೀನೇ ಎಲ್ಲಾದ್ರೂ ಸುಟ್ಟು ಕೊಡು' ಅಂದ್ರಿ. ಇಲ್ಲಿ ಸುಡಕ್ಕೆ ಇದೊಂದೇ ಒಲೆ ಸಾರ್ ಇರೋದು."

ನಾನು ಬೇರೆ ಕಡೆ ತಿರುಗಿಕೊಂಡೆ. ನಗಬಾರದು, ನಕ್ಕರೆ ಕೆಲಸ ಹೋಗುತ್ತದೆ. ನಗದಿದ್ದರೆ ಪ್ರಾಣವೇ ಹೋಗುತ್ತದೆ. ಮ್ಯಾನೇಜರ್ ಬಗ್ಗಿ ಸಲಿಕೆಯನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಎಲ್ಲಾ ಕರಿಕಾಗೋದ್ವೇನಪ್ಪ?"

"ನಾಕು ಚೆನ್ನಾಗವೆ ಸಾರ್."

ಅಂದು ಸಂಜೆ ಹೆಡ್ಡಾಫೀಸಿಗೆ ವರದಿ ಹೋಯಿತು: 'ಹೊರಗಿನ ಗಾಳಿಯ ಅನಿರೀಕ್ಷಿತ ಪ್ರವೇಶದಿಂದ ಯಂತ್ರ ನಿಂತಿದೆ.' ಮ್ಯಾನೇಜರ್ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಇಬ್ಬರ ಬಾಯಲ್ಲೂ ಗೆಣಸಿತ್ತು.

೩. ಚಿಂತಾಮಣಿಗೆ ಕರೆಂಟು ಕೊಟ್ಟದ್ದು

ಉಳಿದದ್ದು ಒಂದೇ ಅವಕಾಶ. ಸೋಮವಾರ ಹನ್ನೊಂದು ಗಂಟೆಗೆ ಶುರು, ಗುರುವಾರ ಹನ್ನೊಂದಕ್ಕೆ ಮುಗಿಯಬೇಕು. ಕೊನೆಯ ಗಂಟೆಗೆ ಹೆಡ್ಡಾಫೀಸಿನ ದೊಡ್ಡ ಸಾಹೇಬರೇ ಕಣ್ಣಾರೆ ನೋಡಲು ಬರುತ್ತಾರೆಂದು ಸುದ್ದಿ. ಅವರು ದಿನಕ್ಕೆರಡು ಸಲ ನನ್ನ ಮೊಬೈಲಿಗೇ ಫೋನ್ ಮಾಡಿ "ಓಡ್ತಿದೆಯೇನ್ರೀ?" ಎಂದು ವಿಚಾರಿಸುತ್ತಿದ್ದರು. ಫೋನ್ ಹೊಡೆದುಕೊಂಡರೆ ಸಾಕು, ಮೊದಲು ಮೀಟರ್ ನೋಡಿ ಆಮೇಲೆ ಎತ್ತುತ್ತಿದ್ದೆ.

ಮಂಗಳವಾರ ಸಂಜೆ ಹಾಗೇ ಹೊಡೆದುಕೊಂಡಿತು. ಸಾಹೇಬರಲ್ಲ, ಚಿಂತಾಮಣಿಯಿಂದ ನಮ್ಮ ಅತ್ತೆ.

"ಅಳಿಯಂದ್ರೇ, ಇಲ್ಲಿ ಕರೆಂಟು ಹೋಗೈತೆ. ದೋಸೆ ಹಿಟ್ಟು ಅರ್ಧ ರುಬ್ಬೈತೆ, ಗ್ರೈಂಡರ್ ನಿಂತೈತೆ. ಒಸಿ ಬಿಡ್ರಪ್ಪ."

"ಅತ್ತೆ, ನಮ್ಮ ಕರೆಂಟು ಅಲ್ಲಿಗೆ ಬರಲ್ಲ."

"ಯಾಕ್ ಬರಲ್ಲ? ತಂತಿ ಎಲ್ಲಾ ಒಂದೇ ಅಲ್ವಾ?"

ನನ್ನ ಮುಂದೆ ಇಪ್ಪತ್ತು ಮೀಟರುಗಳು. ವಿವರಿಸಲು ಹೊತ್ತಿಲ್ಲ. ಫೋನ್ ಇಟ್ಟರೆ ಸಾಕೆಂದು, "ಆಯ್ತು, ಐದು ನಿಮಿಷ ತಡೀರಿ, ಬರುತ್ತೆ" ಎಂದುಬಿಟ್ಟೆ.

ನನ್ನ ಗ್ರಹಚಾರ, ಮೂರೇ ನಿಮಿಷಕ್ಕೆ ಬಂತು. ಅತ್ತೆ ಇನ್ನೂ ಫೋನ್ ಇಟ್ಟಿರಲಿಲ್ಲ. ಬೀದಿಗೆ ಬಂದು ತೆಲುಗಿನಲ್ಲಿ ಸಾರಿದ್ದು ನನ್ನ ಕಿವಿಗೇ ಕೇಳಿಸಿತು: "ವಚ್ಚೇಸಿಂದಿ! ಮಾ ಅಲ್ಲುಡು ಇಚ್ಚೇಶಾಡು!" ಬಂತು, ನಮ್ಮ ಅಳಿಯ ಕೊಟ್ಟ ಅಂತ.

ಅಲ್ಲಿಗೆ ಮುಗಿಯಿತು ನನ್ನ ಕಥೆ. ಅತ್ತೆ ಇಡೀ ಬೀದಿಗೆ ನನ್ನ ನಂಬರು ಹಂಚಿದರು. ಬುಧವಾರ ಬೆಳಗ್ಗೆ ವೆಲ್ಡಿಂಗ್ ಅಂಗಡಿಯವರು: "ಸಾಬ್, ಹಮಾರೇ ಗಲ್ಲಿ ಕೂ ಭೀ ಜರಾ ಛೋಡೋ ನಾ." ನಮ್ಮ ಗಲ್ಲಿಗೂ ಸ್ವಲ್ಪ ಬಿಡಿ ಅಂತ. ನಾನು ಏನೂ ಬಿಡದಿದ್ದರೂ ಕರೆಂಟು ತಾನಾಗಿ ಬಂತು, ಹತ್ತು ನಿಮಿಷಕ್ಕೆ "ಶುಕ್ರಿಯಾ ಸಾಬ್" ಎಂದು ಮತ್ತೆ ಫೋನ್. ಮಧ್ಯಾಹ್ನ ಬೇಕರಿಯವರು. ಕರೆಂಟು ಹೋದರೆ ನನ್ನನ್ನು ಕೇಳುವುದು, ಬಂದರೆ ನನ್ನನ್ನು ಹೊಗಳುವುದು. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಒಬ್ಬ ಹೆಣ್ಣುಮಗಳ ಫೋನ್ ಬಂತು. "ಅಣ್ಣಾ, ನಿಮ್ಮತ್ತೆ ಮನೆ ಎದುರು ಮನೆಯವಳು ನಾನು."

"ಹೇಳಮ್ಮ, ಕರೆಂಟು ಹೋಗಿದೆಯಾ?"

"ಇಲ್ಲಣ್ಣ, ಐತೆ. ಅದನ್ನೇ ಹೇಳಣ ಅಂತ. ಹುಡುಗ್ರಿಗೆ ನಾಳೆ ಪರೀಕ್ಷೆ, ಟಿವಿ ಮುಂದಿಂದ ಏಳ್ತಿಲ್ಲ. ಸಾಯಂಕಾಲ ತಂಕ ತೆಗೆದುಬಿಡಣ್ಣ, ಪುಣ್ಯ ಬರುತ್ತೆ."

ನಾನು ಫೋನನ್ನೇ ತೆಗೆದುಬಿಟ್ಟೆ. ಸ್ವಿಚ್ ಆಫ್ ಮಾಡಿ ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದೆ.

೪. ಹೊಗೆ

ಹತ್ತು ಗಂಟೆ. ಎಪ್ಪತ್ತೊಂದು ತುಂಬಿತ್ತು, ಉಳಿದದ್ದು ಒಂದೇ ಒಂದು ಗಂಟೆ! ಪಾಳಿ ಮುಗಿದವರೂ ಮನೆಗೆ ಹೋಗದೆ ಕಂಟ್ರೋಲ್ ರೂಮಿನ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಮ್ಯಾನೇಜರ್ ಹೊಸ ಶರ್ಟು ತೊಟ್ಟು ಹೂವಿನ ಹಾರ ಹಿಡಿದು ಸಾಹೇಬರಿಗಾಗಿ ಬಾಗಿಲು ಕಾಯುತ್ತಿದ್ದರು.

ಆಗ ಗೇಟಿನ ವಾಚ್‌ಮನ್ ಏದುಸಿರು ಬಿಡುತ್ತಾ ಓಡಿ ಬಂದ. "ಸಾರ್, ಸಾಹೇಬ್ರ ಕಾರು ಗೇಟ್ ತಂಕ ಬಂತು. ಇಳಿದು ಮೇಲಕ್ಕೊಂದ್ಸಲ ನೋಡಿದ್ರು. ಯಾರಿಗೋ ಫೋನ್ ಮಾಡಿದ್ರು. 'ಹೊಗೆ ಇಲ್ಲ, ನಿಂತೋಗಿದೆ, ಇಂಜಿನಿಯರ್ ಫೋನೂ ಆಫು' ಅಂತ ಬೈಕೊಂಡು ವಾಪಸ್ ಹೊರಟೋದ್ರು!"

ವಿಷಯ ಇಷ್ಟೇ: ರಿಪೇರಿಯ ಸಮಯದಲ್ಲಿ ಹೊಗೆಯಲ್ಲಿರುವ ಬೂದಿಯನ್ನೆಲ್ಲ ಹಿಡಿಯುವ ಹೊಸ ಯಂತ್ರ ಕೂರಿಸಿದ್ದೆವು. ಅದು ಚೆನ್ನಾಗಿ ಕೆಲಸ ಮಾಡಿದರೆ ಚಿಮಣಿಯಲ್ಲಿ ಏನೂ ಕಾಣುವುದಿಲ್ಲ. ಹೊಗೆ ಕಾಣದಿರುವುದೇ ನಮ್ಮ ಹೆಮ್ಮೆ. ಸಾಹೇಬರೋ, ಮಾರಾಟ ವಿಭಾಗದಲ್ಲಿ ಬೆಳೆದು ಬಂದವರು. ಚಿಮಣಿಯ ಚಿತ್ರ ಬರೆಯುವ ಯಾವ ಮಗುವಾದರೂ ಮೇಲೆ ಹೊಗೆ ಬರೆಯುತ್ತದೆ. ಅವರಿಗೂ ಅಷ್ಟೇ ಗೊತ್ತಿತ್ತು.

ಡ್ರಾಯರಿನಿಂದ ಫೋನ್ ಕಿತ್ತುಕೊಂಡು ಬೈಕ್ ಹತ್ತಿದೆ. ಊರಿನ ರೈಲ್ವೆ ಗೇಟು ಅಂದು ಹಾಕಿರದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಗೇಟು ಹಾಕಿತ್ತು, ಗೂಡ್ಸ್ ರೈಲು ತನ್ನ ಪಾಡಿಗೆ ತೆವಳುತ್ತಿತ್ತು, ಸಾಲಿನ ಮುಂದೆ ಸಾಹೇಬರ ಬಿಳಿ ಕಾರು. ಜನ್ಮದಲ್ಲಿ ಮೊದಲ ಸಲ ಆ ಗೇಟಿಗೆ ಕೈಮುಗಿದೆ.

ಗಾಜು ತಟ್ಟಿದೆ. "ಸಾರ್, ಓಡ್ತಾ ಇದೆ ಸಾರ್! ಹೊಗೆ ಬರ್ತಿಲ್ಲ ಅಂದ್ರೇನೇ ಚೆನ್ನಾಗಿ ಓಡ್ತಿದೆ ಅಂತ!"

ಸಾಹೇಬರು ಗಾಜು ಇಳಿಸಿದರು. "ಇಪ್ಪತ್ತು ವರ್ಷ ಸೇಲ್ಸಲ್ಲಿ ಇದ್ದವನು ಕಣ್ರೀ ನಾನು. ಇಲ್ಲದ್ದನ್ನ ಇದೆ ಅಂತ ಹೇಳೋದನ್ನ ನನಗೇ ಹೇಳಿಕೊಡ್ತೀರಾ?"

"ಸಾರ್, ಒಂದೇ ಒಂದು ಸಲ ಬಂದು ಮೀಟರ್ ನೋಡಿ. ಮೂವತ್ತನಾಲ್ಕು ಮನೆ ಸಾರ್." ಕಾರಿನ ಬಾಗಿಲನ್ನು ಬಿಡದೆ ಹಿಡಿದುಕೊಂಡೆ. ಅದನ್ನು ನೋಡಿಯೋ, ರೈಲು ಮುಗಿಯುವಂತೆ ಕಾಣದ್ದರಿಂದಲೋ, ಅವರು ಡ್ರೈವರಿಗೆ ಕಾರು ತಿರುಗಿಸಲು ಹೇಳಿದರು.

ನಾನು ಫೋರ್‌ಮನ್‌ಗೆ ಫೋನ್ ಮಾಡಿದೆ. "ಸಾಹೇಬ್ರು ಹೊಗೆ ಇಲ್ಲ ಅಂತ ಸಿಟ್ಟಾಗಿದಾರೆ ಕಣಪ್ಪ. ಹೇಗೋ ಕರ್ಕೊಂಡು ಬರ್ತಿದೀನಿ. ಎಲ್ಲಾ ರೆಡಿ ಇರ್ಲಿ."

"ನೀವ್ ಕರ್ಕೊಂಡ್ ಬನ್ನಿ ಸಾರ್. ಮಿಕ್ಕಿದ್ದು ನನಗ್ ಬಿಡಿ" ಅಂದ.

ಅವನು ಹಾಗೆ ಹೇಳಿದಾಗಲೇ ನಾನು ಹೆದರಬೇಕಿತ್ತು. ಕಾರ್ಖಾನೆಯ ತಿರುವಿಗೆ ಬಂದರೆ ಚಿಮಣಿಯ ಮಗ್ಗುಲಲ್ಲಿ ಕಪ್ಪು ಹೊಗೆ ದಟ್ಟವಾಗಿ ಮುಗಿಲು ಮುಟ್ಟುತ್ತಿದೆ! ಸಾಹೇಬರು ಕಾರು ನಿಲ್ಲಿಸಿ ತಲೆ ಹೊರಗೆ ಹಾಕಿದರು. ಮುಖ ಅರಳಿತು. ಮರುಕ್ಷಣ ಗಂಟಿಕ್ಕಿತು.

"ಓಹೋ! ಆಗ ಹೊಗೆ ಇರ್ಲಿಲ್ಲ, ಈಗ ಇದೆ. ಅಂದ್ರೆ ನಿಂತುಹೋಗಿತ್ತು, ನಾನು ಬರ್ತೀನಿ ಅಂತ ಈಗ ಹಚ್ಚಿದೀರಿ. ಅಲ್ವೇನ್ರೀ?"

ನನಗೆ ಅಲ್ಲೇ ರಸ್ತೆಯಲ್ಲಿ ಕೂತು ಅಳಬೇಕೆನ್ನಿಸಿತು. ಹೊಗೆ ಇಲ್ಲದಿದ್ದರೂ ಕೆಟ್ಟೆವು, ಇದ್ದರೂ ಕೆಟ್ಟೆವು! ಕೊನೆಗೆ ದಾರಿ ಕಾಣದೆ, "ಬನ್ನಿ ಸಾರ್, ಹೊಗೆ ಎಲ್ಲಿಂದ ಬರ್ತಿದೆ ಅಂತ ಕಣ್ಣಾರೆ ನೋಡಿ" ಎಂದು ಅವರನ್ನು ನೇರ ಬಾಯ್ಲರಿನ ಹಿಂಭಾಗಕ್ಕೆ ಕರೆದೊಯ್ದೆ.

ಅಲ್ಲಿ ಒಂದು ಮನೆಯಷ್ಟು ಎತ್ತರ ಹಸಿ ತೆಂಗಿನ ಸೋಗೆ, ನೆನೆದ ಹುಲ್ಲು, ಗೋಣಿಚೀಲ. ಪಕ್ಕದಲ್ಲಿ ಪಂಚೆ ಎತ್ತಿ ಕಟ್ಟಿ, ತಲೆಯಿಂದ ಪಾದದವರೆಗೆ ಮಸಿಯಾಗಿ, ಎರಡು ಕೈಯಲ್ಲಿ ಮೊರ ಹಿಡಿದು ಬೀಸುತ್ತಿದ್ದಾನೆ ನಮ್ಮ ಫೋರ್‌ಮನ್. ಸಾಹೇಬರನ್ನು ಕಂಡವನೇ ಬಿಳಿ ಹಲ್ಲು ತೋರಿಸಿ ನಕ್ಕ.

"ನಮಸ್ಕಾರ ಸಾರ್! ಸಾಕಾ, ಇನ್ನೊಂಚೂರು ಬೇಕಾ?"

ಸಾಹೇಬರು ಕೆಮ್ಮಿದರು. ಕಣ್ಣಲ್ಲಿ ಮೂಗಲ್ಲಿ ನೀರು. ಮ್ಯಾನೇಜರ್ ಹಾರವನ್ನು ಕೊರಳಿಗೆ ಹಾಕಬೇಕೋ ಬಕೆಟ್ಟಿನ ನೀರನ್ನು ಬೆಂಕಿಗೆ ಹಾಕಬೇಕೋ ತಿಳಿಯದೆ ಎರಡನ್ನೂ ಹಿಡಿದು ಸುತ್ತು ಹೊಡೆಯುತ್ತಿದ್ದರು. ನಾನು ಸಾಹೇಬರ ಕೈಹಿಡಿದು ಮೆಟ್ಟಿಲು ಹತ್ತಿಸಿ ಟರ್ಬೈನಿನ ಪಕ್ಕ ನಿಲ್ಲಿಸಿದೆ. ಕಾಲಡಿಯ ನೆಲ ಗುಂಯ್‌ಗುಡುತ್ತಿತ್ತು. ಯಾರೋ ತಂದುಕೊಟ್ಟ ಟೀ ಲೋಟದಲ್ಲಿ ಟೀ ನಡುಗುತ್ತಿತ್ತು. ಟರ್ಬೈನಿನ ಓಟ ದಾಖಲಿಸುವ ಮೀಟರು ಸೋಮವಾರದಿಂದ ಎಲ್ಲೂ ಬಿಡದೆ ಎಳೆದ ಗೆರೆಯಿದ್ದ ಕಾಗದದ ಸುರುಳಿಯನ್ನು ಬಿಚ್ಚಿ ಅವರ ಮುಂದೆ ಹಾಸಿದೆ. ಅವರು ಗೆರೆಯನ್ನು ಬೆರಳಿನಿಂದ ಮುಟ್ಟುತ್ತಾ ಸೋಮವಾರದಿಂದ ಗುರುವಾರದವರೆಗೆ ಬಗ್ಗಿಕೊಂಡೇ ನಡೆದರು. ಬೆರಳು ಕೊನೆ ಮುಟ್ಟುವಾಗ ಗಡಿಯಾರದಲ್ಲಿ ಹನ್ನೊಂದಾಗಿ ಎರಡು ನಿಮಿಷ.

"ಆಯ್ತಲ್ರೀ!" ಅಂದರು ಸಾಹೇಬರು, ನಮಗಿಂತ ಹೆಚ್ಚು ಆಶ್ಚರ್ಯದಿಂದ.

ಆಮೇಲೆ ಏನಾಯಿತೆಂದು ಸರಿಯಾಗಿ ನೆನಪಿಲ್ಲ. ಕೂಗಿದೆವು, ಕುಣಿದೆವು, ಮ್ಯಾನೇಜರ್ ಹಾರವನ್ನು ಟರ್ಬೈನಿಗೇ ಎಸೆದರು. ಫೋರ್‌ಮನ್ ಸಾಹೇಬರನ್ನೇ ತಬ್ಬಿಕೊಂಡ, ಅವರ ಬಿಳಿ ಶರ್ಟಿನ ಬೆನ್ನ ಮೇಲೆ ಎರಡು ಕರಿ ಅಂಗೈ ಮೂಡಿದವು. ನಾನು ಕಣ್ಣೊರೆಸಿಕೊಂಡೆ. ಕೇಳಿದವರಿಗೆ ಹೊಗೆ ಅಂದೆ.

ವಾರದ ನಂತರ ಹೆಡ್ಡಾಫೀಸಿನ ಕಾಗದ ಬಂತು. ಮೂವತ್ತನಾಲ್ಕು ಜನರನ್ನೂ ನಿಲ್ಲಿಸಿಕೊಂಡು ಮ್ಯಾನೇಜರ್ ಗಟ್ಟಿಯಾಗಿ ಓದಿದರು: 'ಎಪ್ಪತ್ತೆರಡು ಗಂಟೆಯ ಪರೀಕ್ಷೆ ಯಶಸ್ವಿಯಾಗಿದೆ. ಪವರ್ ಹೌಸನ್ನು ಮುಂದುವರಿಸಲು ಒಪ್ಪಿಗೆ ನೀಡಲಾಗಿದೆ.' ಚಪ್ಪಾಳೆ, ಶಿಳ್ಳೆ. ಮ್ಯಾನೇಜರ್ ಕೈ ಎತ್ತಿ, ಇನ್ನೂ ಇದೆ ಎಂದು ಮುಂದಕ್ಕೆ ಓದಿದರು:

'ಸ್ಥಳ ಪರಿಶೀಲನೆಯ ವೇಳೆ ಒಂದು ದೋಷ ಕಂಡುಬಂದಿದೆ. ಹೊಗೆಯು ಚಿಮಣಿಯಿಂದ ಬರುವ ಬದಲು ಕಟ್ಟಡದ ಹಿಂಭಾಗದಿಂದ ಬರುತ್ತಿದೆ. ಇದನ್ನು ಹದಿನೈದು ದಿನದೊಳಗೆ ಸರಿಪಡಿಸತಕ್ಕದ್ದು.'